ದೀಪಾವಳಿಗೆ ಚೆಂಡುಹೂವಿನ ಮಾಲೆ ತೊಟ್ಟ ನಾಯಿಮರಿಯ ಚಿತ್ರ ಬಿಡಿಸುವ ಬಗೆ

ದೀಪಾವಳಿಯ ಶುಭಾಶಯ ಪತ್ರಗಳಲ್ಲಿ ಹಣತೆ, ರಂಗೋಲಿ, ಆಕಾಶಬುಟ್ಟಿಗಳು ವರ್ಷವರ್ಷವೂ ಕಾಣಿಸಿಕೊಳ್ಳುತ್ತವೆ. ನಾಯಿಮರಿ ಮಾತ್ರ ಅಪರೂಪ. ಆದರೆ ಈ ಹಬ್ಬಕ್ಕೂ ನಾಯಿಗೂ ನಿಜವಾದ ನಂಟಿದೆ. ನೇಪಾಳದಲ್ಲಿ ದೀಪಾವಳಿಯ ಕಾಲಕ್ಕೇ ಬರುವ ಐದು ದಿನಗಳ ತಿಹಾರ್ ಹಬ್ಬದ ಎರಡನೆಯ ದಿನವನ್ನು ಕುಕುರ್ ತಿಹಾರ್ ಎಂದು ಕರೆದು, ಅಂದು ಮನೆಯ ನಾಯಿಗೂ ಬೀದಿಯ ನಾಯಿಗೂ ಹಣೆಗೆ ಕೆಂಪು ತಿಲಕವಿಟ್ಟು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ, ಹೊಟ್ಟೆ ತುಂಬ ಊಟ ಬಡಿಸುತ್ತಾರೆ. ನಾಯಿ ಅಲ್ಲಿ ಯಮನ ದೂತ, ಭೈರವನ ವಾಹನ. ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಧರ್ಮರಾಯನ ಕಥೆಯನ್ನು ಕೇಳಿ ಬೆಳೆದ ನಮಗೂ ಈ ಆಚರಣೆ ಪರಕೀಯವೆನಿಸುವುದಿಲ್ಲ. ಕೊರಳಲ್ಲಿ ಮಾಲೆ, ಹಣೆಯಲ್ಲಿ ಕುಂಕುಮ, ಪಕ್ಕದಲ್ಲಿ ಹಣತೆ ಇರುವ ಒಂದು ಮುದ್ದು ನಾಯಿಮರಿಯನ್ನು ಎ4 ಹಾಳೆಯ ಮೇಲೆ ಬಿಡಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ನಾಯಿ, ಆಮೇಲೆ ಹಬ್ಬ: ಈ ಚಿತ್ರದಲ್ಲಿ ಇದಕ್ಕಿಂತ ಮುಖ್ಯವಾದುದಿಲ್ಲ. ಹೊಸದಾಗಿ ಬಿಡಿಸುವವರು ಮಾಲೆ, ದೀಪ, ತೋರಣಗಳ ಮೇಲೆ ಶ್ರಮವೆಲ್ಲ ಸುರಿದು, ಅವುಗಳ ನಡುವೆ ಉಳಿದ ಜಾಗದಲ್ಲಿ ನಾಯಿಯನ್ನು ತುರುಕುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಯಾವ ಅಲಂಕಾರವೂ ಇಲ್ಲದ ಬರಿಯ ನಾಯಿಯೇ ನೋಡಿದವರ ಮುಖದಲ್ಲಿ ನಗು ತರುವಂತಿದ್ದರೆ ಮಾತ್ರ ಮಾಲೆ ಅದಕ್ಕೆ ಶೋಭೆ ಕೊಡುತ್ತದೆ.

ಮುದ್ದುತನ ಎಲ್ಲಿಂದ ಬರುತ್ತದೆ

ಮುದ್ದು ಎನಿಸುವುದು ಚಿತ್ರಕಾರನ ಕೈಗುಣದಿಂದ ಮಾತ್ರ ಬರುವುದಲ್ಲ, ಅದಕ್ಕೆ ಅಳತೆಯಿದೆ. ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡಿದ, ಮುಂದೆ 1973ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ 1943ರಲ್ಲೇ ಇದನ್ನು ವಿವರಿಸಿದ್ದರು. ಮೈಗೆ ಹೋಲಿಸಿದರೆ ದೊಡ್ಡದಾದ ತಲೆ, ಅಗಲವಾಗಿ ಉಬ್ಬಿದ ಹಣೆ, ಮುಖದ ನಡುಭಾಗಕ್ಕಿಂತ ಕೆಳಗಿರುವ ದೊಡ್ಡ ಕಣ್ಣುಗಳು, ತುಂಬಿದ ಕೆನ್ನೆ, ಗಿಡ್ಡನೆಯ ದಪ್ಪ ಕೈಕಾಲು: ಎಳೆಯ ಮಗುವಿನ ಈ ಲಕ್ಷಣಗಳು ಎಲ್ಲಿ ಕಂಡರೂ ಅದನ್ನು ಎತ್ತಿಕೊಳ್ಳಬೇಕು, ಕಾಪಾಡಬೇಕು ಎಂಬ ಭಾವ ನಮ್ಮಲ್ಲಿ ತಾನಾಗಿ ಏಳುತ್ತದೆ. ಆದ್ದರಿಂದ ನಿಮ್ಮ ನಾಯಿ ಏಕೋ ಮುದ್ದಾಗಿ ಬರುತ್ತಿಲ್ಲವೆನಿಸಿದಾಗ ಕಣ್ಣಿಗೆ ರೆಪ್ಪೆ, ಕೆನ್ನೆಗೆ ಗುಲಾಬಿ ಬಣ್ಣ ಸೇರಿಸುವುದಕ್ಕೆ ಹೋಗದೆ, ಕಣ್ಣುಗಳನ್ನು ಅರ್ಧ ಸೆಂಟಿಮೀಟರ್ ಕೆಳಗಿಳಿಸಿ ನೋಡಿ. ಬಹುಪಾಲು ಸಂದರ್ಭಗಳಲ್ಲಿ ಚಿತ್ರ ಅಷ್ಟರಿಂದಲೇ ಸರಿಹೋಗುತ್ತದೆ.

ಯಾವ ತಳಿಯ ನಾಯಿಯನ್ನು ಬಿಡಿಸಬೇಕೆಂಬುದನ್ನೂ ಈ ಅಳತೆಗಳೇ ಹೇಳಿಕೊಡುತ್ತವೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯ ಚೀಟಿಯ ಮೇಲೆ ಬಂದ ನಮ್ಮ ಮುಧೋಳ ನಾಯಿ ಚೆಲುವಾದ ಪ್ರಾಣಿಯೇ ಹೌದು. ಆದರೆ ಉದ್ದ ಮೂತಿ, ಸಣ್ಣ ತಲೆ, ಬಳುಕುವ ಸೊಂಟ, ನೀಳ ಕಾಲುಗಳ ಅದರ ಚೆಲುವು ಓಟಗಾರನದು, ಮಗುವಿನದಲ್ಲ. ನಮ್ಮ ಬೀದಿಗಳಲ್ಲಿ ಹುಟ್ಟಿ ಬೆಳೆಯುವ ಕಂತ್ರಿ ನಾಯಿಯ ಎರಡು ತಿಂಗಳ ಮರಿ ಈ ಚಿತ್ರಕ್ಕೆ ಹೇಳಿ ಮಾಡಿಸಿದಂತಿದೆ. ಬಿಸ್ಕತ್ತಿನ ಬಣ್ಣದ ಗಿಡ್ಡ ಕೂದಲು, ಎದೆಯ ಮೇಲೂ ಪಾದಗಳಲ್ಲೂ ಬಿಳಿ, ಇನ್ನೂ ಪೂರ್ತಿ ನೆಟ್ಟಗಾಗದೆ ತುದಿ ಮಡಿಸಿಕೊಂಡಿರುವ ಕಿವಿ, ಮೇಲಕ್ಕೆ ಸುತ್ತಿದ ಬಾಲ. ಇಂಥ ಮರಿ ಎಲ್ಲರಿಗೂ ಪರಿಚಿತ. ಎದುರಿಗೆ ಕೂತು ನೋಡಿಕೊಂಡೇ ಬಿಡಿಸುವ ಅವಕಾಶವೂ ನಮಗಿದೆ.

ಸಾಮಗ್ರಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಸುಮಾರು 200 ಜಿಎಸ್‌ಎಂ ದಪ್ಪದ ಡ್ರಾಯಿಂಗ್ ಹಾಳೆ, ಎಚ್‌ಬಿ ಪೆನ್ಸಿಲು, ಮೆತ್ತನೆಯ ರಬ್ಬರು, ಅಡಿಪಟ್ಟಿ, 0.3 ಮತ್ತು 0.8 ಮಿಲಿಮೀಟರಿನ ಎರಡು ಶಾಯಿ ಪೆನ್ನು, 24 ಬಣ್ಣದ ಪೆನ್ಸಿಲುಗಳ ಒಂದು ಡಬ್ಬಿ, ಸಾಧ್ಯವಾದರೆ ಒಂದು ಬಿಳಿ ಜೆಲ್ ಪೆನ್ನು ಸಾಕು.

ತಲೆ ಮತ್ತು ಮುಖ

ಎ4 ಹಾಳೆಯನ್ನು ಉದ್ದುದ್ದ ಇಟ್ಟುಕೊಂಡು, ಅಗಲದ ನಡುವೆ ಮೇಲಿಂದ ಕೆಳಗೆ ಪೆನ್ಸಿಲಿನಿಂದ ತೀರ ತೆಳುವಾದ ಒಂದು ಗೆರೆ ಎಳೆಯಿರಿ. ಮೇಲಿನ ಅಂಚಿನಿಂದ 7 ಸೆಂಟಿಮೀಟರ್ ಬಿಟ್ಟು, ಆ ಗೆರೆಯನ್ನು ನಡುವಾಗಿಟ್ಟುಕೊಂಡು, 10 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಎತ್ತರದ ಒಂದು ದುಂಡನೆಯ ತಲೆಯನ್ನು ಗುರುತಿಸಿ. ಅದು ಮಾಗಿದ ಟೊಮೇಟೊ ಹಣ್ಣಿನಂತೆ ಸ್ವಲ್ಪ ಚಪ್ಪಟೆಯಾಗಿದ್ದು, ಕೆನ್ನೆಯ ಭಾಗದಲ್ಲಿ ತುಸು ಹೆಚ್ಚು ಅಗಲವಾಗಿರಲಿ. ಕೈವಾರ ಬಳಸಬೇಡಿ; ಕೈವಾರದ ವೃತ್ತದಲ್ಲಿ ಜೀವ ಕಾಣುವುದಿಲ್ಲ. ಕೈಯನ್ನು ಹಗುರವಾಗಿ ನಾಲ್ಕೈದು ಸುತ್ತು ಆಡಿಸಿ, ಕೊನೆಗೆ ಸರಿಯೆನಿಸಿದ ಗೆರೆಯನ್ನು ಉಳಿಸಿಕೊಳ್ಳುವುದು ಉತ್ತಮ.

ತಲೆಯ ಮೇಲ್ತುದಿಯಿಂದ ಸುಮಾರು 5.2 ಸೆಂಟಿಮೀಟರ್ ಕೆಳಗೆ, ಅಂದರೆ ನಟ್ಟನಡುವಿಗಿಂತ ಸ್ವಲ್ಪ ಕೆಳಗೆ, ಒಂದು ಅಡ್ಡಗೆರೆ ಎಳೆದರೆ ಅದೇ ಕಣ್ಣಿನ ಗೆರೆ. ಅದರ ಮೇಲೆ ಒಂದೂವರೆ ಸೆಂಟಿಮೀಟರ್ ಅಗಲ, 1.8 ಸೆಂಟಿಮೀಟರ್ ಎತ್ತರದ ಎರಡು ಮೊಟ್ಟೆಯಾಕಾರದ ಕಣ್ಣುಗಳು ಬರಬೇಕು. ಎರಡರ ನಡುವೆ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಅಂತರವಿರದಂತೆ ನೋಡಿಕೊಳ್ಳಿ. ಕಣ್ಣುಗಳು ಹತ್ತಿರ ಬಂದಷ್ಟೂ ಮರಿಯ ಮುಖ ಚುರುಕಾಗಿ, ಬೆಳೆದ ನಾಯಿಯ ಮುಖದಂತಾಗುತ್ತದೆ. ಹಣೆ ಖಾಲಿಯಾಗಿ, ವಿಶಾಲವಾಗಿ ಕಾಣುತ್ತದೆಯೆಂದು ಆತಂಕಪಡಬೇಕಾಗಿಲ್ಲ. ಮುದ್ದುತನ ಇರುವುದೇ ಅಲ್ಲಿ, ಕುಂಕುಮಕ್ಕೆ ಬೇಕಾದ ಜಾಗವೂ ಅದೇ.

ಮೂಗು ಕಣ್ಣುಗಳ ಕೆಳ ಅಂಚಿನ ಮಟ್ಟದಿಂದ ಆರಂಭವಾಗಲಿ. ಮೂಲೆಗಳನ್ನು ಉರುಟಾಗಿಸಿ ತಲೆಕೆಳಗು ಮಾಡಿದ ತ್ರಿಕೋನ ಅದರ ಆಕಾರ, ಅಗಲ 1.3 ಸೆಂಟಿಮೀಟರ್. ಅದನ್ನು ಬಳಸಿ ನಾಲ್ಕು ಸೆಂಟಿಮೀಟರ್ ಅಗಲದ ಒಂದು ಗಿಡ್ಡ ಅಂಡಾಕಾರ ಬಿಡಿಸಿದರೆ ಮೂತಿಯಾಯಿತು. ಮೂಗಿನ ಕೆಳತುದಿಯಿಂದ ನಾಲ್ಕು ಮಿಲಿಮೀಟರಿನ ಒಂದು ನೇರ ಗೆರೆ ಇಳಿಸಿ, ಅಲ್ಲಿಂದ ಎರಡೂ ಬದಿಗೆ ಒಂದೊಂದು ಕಿರುಬಟ್ಟಲಿನಂಥ ಬಾಗುಗೆರೆ ಎಳೆಯಿರಿ. 3 ಎಂಬ ಅಂಕಿಯನ್ನು ಬಲಕ್ಕೆ ಮಲಗಿಸಿದರೆ ಹೇಗೆ ಕಾಣುತ್ತದೆಯೋ ಬಾಯಿ ಹಾಗೆ ಕಾಣಬೇಕು. ಗೆರೆಗಳ ಹೊರತುದಿಗಳು ತುಸು ಮೇಲೆ ನೋಡಿದರೆ ಮರಿ ನಗುತ್ತದೆ. ಬಾಗುಗೆರೆಗಳು ಕೂಡುವ ಕಡೆ ಚಿಕ್ಕ ನಾಲಗೆಯೊಂದನ್ನು ಇಳಿಬಿಡಬಹುದು. ಹಲ್ಲು ಬೇಡ.

ಹುಬ್ಬಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕಣ್ಣಿನ ಒಳಮೂಲೆಯ ಮೇಲಿನ ಹುಬ್ಬನ್ನು ಎತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದ್ದು, ತೋಳಗಳಲ್ಲಿ ಅದು ಇಲ್ಲವೇ ಇಲ್ಲವೆನ್ನುವಷ್ಟು ಅಲ್ಪವಾಗಿದೆಯೆಂದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಊಟದ ಹೊತ್ತಿಗೆ ಬಾಗಿಲಲ್ಲಿ ಕೂತು ನಮ್ಮನ್ನೇ ದಿಟ್ಟಿಸುವ ನಾಯಿಯ ಆ ದೀನವಾದ, ಪ್ರೀತಿಯ ನೋಟಕ್ಕೆ ಕಾರಣ ಈ ಸ್ನಾಯು. ಚಿತ್ರದಲ್ಲಿ ಅದನ್ನು ತರುವುದು ಬಹಳ ಸುಲಭ. ಅನೇಕ ನಾಯಿಗಳ ಕಣ್ಣಿನ ಮೇಲೆ ಇರುವಂಥ ತಿಳಿಗಂದು ಚುಕ್ಕೆಗಳನ್ನು ಪ್ರತಿ ಕಣ್ಣಿನಿಂದ ಅರ್ಧ ಸೆಂಟಿಮೀಟರ್ ಮೇಲೆ, ಸ್ವಲ್ಪ ಮೂಗಿನ ಕಡೆಗೆ ಸರಿಸಿ, ಒಳತುದಿ ಮೇಲೆ ಹೊರತುದಿ ಕೆಳಗೆ ಬರುವಂತೆ ಓರೆಯಾಗಿ ಇಡಿ. ಈ ಓರೆ ತಿರುಗುಮುರುಗಾಗಿ ಒಳತುದಿ ಕೆಳಗಾದರೆ ಅದೇ ಮರಿ ಸಿಟ್ಟಾದಂತೆ ಕಾಣುವುದರಿಂದ, ಇಲ್ಲಿ ಎರಡು ನಿಮಿಷ ಹೆಚ್ಚಾಗಿಯೇ ಕಳೆಯಿರಿ.

ಗಡಿಯಾರದ ಮುಖದಲ್ಲಿ ಹತ್ತು ಮತ್ತು ಎರಡು ಗಂಟೆ ಇರುವ ಜಾಗಗಳಲ್ಲಿ ಕಿವಿಗಳು. ಬುಡ ಮೂರು ಸೆಂಟಿಮೀಟರ್ ಅಗಲವಿದ್ದು, ಮೇಲಿನ ಮೂರನೆಯ ಒಂದು ಭಾಗ ಮುಂದಕ್ಕೆ ಮಡಿಸಿಕೊಂಡಿರಲಿ. ಒಂದು ಕಿವಿಯನ್ನು ನೆಟ್ಟಗೆ ನಿಲ್ಲಿಸಿ ಇನ್ನೊಂದನ್ನು ಮಾತ್ರ ಮಡಿಸಿದರೆ ನನಗೆ ಇನ್ನೂ ಹೆಚ್ಚು ಇಷ್ಟ. ಬೆಳೆಯುತ್ತಿರುವ ಮರಿಗಳಲ್ಲಿ ಒಂದು ಕಿವಿ ಮೊದಲು ಎದ್ದು, ಇನ್ನೊಂದು ಕೆಲವು ದಿನ ತಡವಾಗಿ ಏಳುವುದು ಸಾಮಾನ್ಯ.

ಕೂತ ಮೈ

ತಲೆಯ ಕೆಳಗೆ ಪೇರಲ ಹಣ್ಣಿನ ಆಕಾರದಲ್ಲಿ ಮೈಯನ್ನು ಇಳಿಸಿ. ಕತ್ತಿನ ಬಳಿ ಐದೂವರೆ, ನೆಲದ ಬಳಿ ಎಂಟೂವರೆ ಸೆಂಟಿಮೀಟರ್ ಅಗಲವಿರಲಿ. ಗಲ್ಲದಿಂದ ಪಾದದವರೆಗೆ ಕಾಣುವ ಮೈಯ ಎತ್ತರ ತಲೆಯ ಎತ್ತರಕ್ಕಿಂತ, ಅಂದರೆ 9 ಸೆಂಟಿಮೀಟರಿಗಿಂತ, ಹೆಚ್ಚಾಗಬಾರದು. ಎದೆಯ ನಡುವಿನಿಂದ ಮುಂಗಾಲುಗಳೆರಡು ನೇರವಾಗಿ ಇಳಿದು, ತುದಿಯಲ್ಲಿ ಎರಡು ಸೆಂಟಿಮೀಟರ್ ಅಗಲದ ದುಂಡು ಪಾದಗಳಾಗಲಿ, ಪ್ರತಿ ಪಾದಕ್ಕೂ ಎರಡೇ ಗೀಟು. ನಿಜವಾದ ನಾಯಿಯ ಪಾದದಲ್ಲಿ ಮುಂದಕ್ಕೆ ನಾಲ್ಕು ಬೆರಳು ಕಾಣುತ್ತವೆಯಾದರೂ, ವ್ಯಂಗ್ಯಚಿತ್ರದ ಮರಿಗೆ ಮೂರೇ ಸಾಕು. ನಾಲ್ಕನ್ನೂ ಬಿಡಿಸಿದರೆ ಪುಟ್ಟ ಪಾದದಲ್ಲಿ ಗೆರೆಗಳು ಕಿಕ್ಕಿರಿಯುತ್ತವೆ. ಹಿಂಗಾಲುಗಳ ತೊಡೆ ಎರಡೂ ಬದಿಯಲ್ಲಿ ಅರ್ಧಚಂದ್ರದಂತೆ ಉಬ್ಬಿ, ಅವುಗಳ ಪಾದ ಮುಂಗಾಲುಗಳ ಆಚೆ ಇಣುಕಬೇಕು. ಬಾಲ ಬಲಗಡೆಯಿಂದ ಎದ್ದು, 'ಕು' ಅಕ್ಷರಕ್ಕೆ ಕೊಡುವ ಕೊಂಬಿನಂತೆ ಮೇಲಕ್ಕೆ ಬಾಗಿ ತುದಿಯಲ್ಲಿ ಸುತ್ತಿಕೊಳ್ಳಲಿ. ನಾಯಿಯ ಬಾಲ ಡೊಂಕು ಎಂಬ ಗಾದೆ ಇಲ್ಲಿ ನಮ್ಮ ಅನುಕೂಲಕ್ಕೇ ಇದೆ, ನೇರ ಬಾಲಕ್ಕಿಂತ ಡೊಂಕು ಬಾಲದಲ್ಲಿ ಉತ್ಸಾಹ ಹೆಚ್ಚು.

ಇಷ್ಟಾದ ಮೇಲೆ ಹಾಳೆಯನ್ನು ಕನ್ನಡಿಯ ಎದುರು ಹಿಡಿದು ನೋಡಿ. ಬಿಡಿಸುತ್ತಿರುವಾಗ ಕಣ್ಣಿಗೆ ಬೀಳದ ಓರೆಕೋರೆಗಳು, ಒಂದು ಕಣ್ಣು ಮೇಲೆ ಇನ್ನೊಂದು ಕೆಳಗೆ ಇರುವುದು, ತಲೆ ಒಂದು ಬದಿಗೆ ವಾಲಿರುವುದು, ಕನ್ನಡಿಯಲ್ಲಿ ಕೂಡಲೇ ತಿಳಿಯುತ್ತವೆ. ತಿದ್ದುವುದಕ್ಕೆ ಇದೇ ಸರಿಯಾದ ಹೊತ್ತು.

ಮಾಲೆ, ಕುಂಕುಮ, ಹಣತೆ

ಹಬ್ಬ ಈಗ ಬರುತ್ತದೆ. ಮಾಲೆ ನಾಯಿಯ ಎದೆಯ ಮೇಲೆ ಅಂಟಿಸಿದ ಪಟ್ಟಿಯಂತೆ ಕಾಣಬಾರದು. ಕತ್ತಿನ ಹಿಂದಿನಿಂದ ಬಳಸಿ ಬಂದು ತೂಕದಿಂದ ಜೋಲುವ ವಸ್ತು ಅದು. ಎರಡೂ ಕೆನ್ನೆಗಳ ಹಿಂದಿನಿಂದ ಹೊರಟು, ಗಲ್ಲದಿಂದ ನಾಲ್ಕು ಸೆಂಟಿಮೀಟರ್ ಕೆಳಗೆ ಎದೆಯ ನಡುವೆ ಕೂಡುವ ಒಂದು ಬಾಗುಗೆರೆಯನ್ನು ಮೊದಲು ಹಾಕಿಕೊಳ್ಳಿ. ಹೂವು ಪೋಣಿಸುವುದನ್ನು ಕತ್ತಿನ ಬಳಿಯಿಂದ ಆರಂಭಿಸಿದರೆ ನಡುವಿಗೆ ಬರುವಷ್ಟರಲ್ಲಿ ಅರ್ಧ ಹೂವಿನ ಜಾಗ ಉಳಿದು ಮಾಲೆ ಸೊಟ್ಟಗಾಗುತ್ತದೆ. ಆದ್ದರಿಂದ 1.8 ಸೆಂಟಿಮೀಟರಿನ ದೊಡ್ಡ ಹೂವೊಂದನ್ನು ಎಲ್ಲಕ್ಕಿಂತ ಮೊದಲು ನಡುವೆ ಕೂರಿಸಿ, ಅಲ್ಲಿಂದ ಎರಡೂ ಬದಿಗೆ ಮೇಲೇರುತ್ತ, ಪ್ರತಿ ಹೂವನ್ನೂ ಹಿಂದಿನದಕ್ಕಿಂತ ತುಸು ಚಿಕ್ಕದಾಗಿಸಿ, ಒಂದು ಇನ್ನೊಂದರ ಹಿಂದೆ ಸ್ವಲ್ಪ ಮರೆಯಾಗುವಂತೆ ಬಿಡಿಸಿ. ಬದಿಗೆ ನಾಲ್ಕರಂತೆ ಒಟ್ಟು ಒಂಬತ್ತು ಹೂವು ಈ ಅಳತೆಗೆ ಸರಿಯಾಗಿ ಹೊಂದುತ್ತವೆ. ಮಾಲೆ ಮೂತಿಯನ್ನು ಮುಟ್ಟಬಾರದು, ಮುಂಗಾಲುಗಳನ್ನು ಪೂರ್ತಿ ಮುಚ್ಚಲೂಬಾರದು.

ಚೆಂಡುಹೂವನ್ನು ಬಿಡಿಸುವಾಗ ಬಹಳ ಜನ ನಡುವೆ ಒಂದು ಬೊಟ್ಟು, ಸುತ್ತ ಐದು ಎಸಳು ಹಾಕಿಬಿಡುತ್ತಾರೆ. ಅದು ಯಾವುದೋ ಹೂವಾಗುತ್ತದೆಯೇ ಹೊರತು ಚೆಂಡುಹೂವಾಗುವುದಿಲ್ಲ. ಈ ಹೂವಿನ ಹೆಸರಿನಲ್ಲೇ ಅದರ ಆಕಾರವಿದೆ. ಮೊದಲು ಒಂದು ಚೆಂಡು. ಅದರ ಅಂಚಿಗೆ ಮೋಡದ ಅಂಚಿನಂತೆ ಸಣ್ಣ ಸಣ್ಣ ಅಲೆಗಳ ಒಂದು ಸುತ್ತು. ಒಳಗೆ ಅಂಥದೇ ಇನ್ನೊಂದು ಕಿರಿದಾದ ಸುತ್ತು. ನಡುವೆ ಮೂರು ನಾಲ್ಕು ಚಿಕ್ಕ ಕೊಂಕು ಗೆರೆಗಳು. ಸಾಧ್ಯವಿದ್ದರೆ ಒಂದು ಹೂವನ್ನು ಮನೆಗೆ ತಂದು, ಮೇಜಿನ ಮೇಲಿಟ್ಟು ನೋಡಿಕೊಳ್ಳಿ. ಅಂಚಿನ ಎಸಳು ದೊಡ್ಡದಾಗಿ, ನಡುವಿನವು ಬಿಗಿಯಾಗಿ ಮುದುಡಿಕೊಂಡಿರುವ ಕ್ರಮ ಆಗ ಮನಸ್ಸಿನಲ್ಲಿ ಉಳಿಯುತ್ತದೆ. ಹೂವು ಹೂವಿನ ನಡುವೆ ಮಾವಿನೆಲೆಯ ತುದಿ ಕಾಣಿಸಿದರೆ ಹಸಿರು ಬಂದು ಮಾಲೆಗೆ ಲಕ್ಷಣ ಬರುತ್ತದೆ.

ಕುಂಕುಮವನ್ನು ಹುಬ್ಬಿನ ಚುಕ್ಕೆಗಳ ನಡುವೆ, ಸ್ವಲ್ಪ ಮೇಲೆ, ಉದ್ದನೆಯ ಹನಿಯಂತೆ ಇಡಿ. ಹುಬ್ಬಿನ ಚುಕ್ಕೆಗಳು ತೆಳುಬಣ್ಣದಲ್ಲಿ, ಕುಂಕುಮ ಗಾಢ ಕೆಂಪಿನಲ್ಲಿದ್ದರೆ ಮೂರೂ ಕಲಸಿಹೋಗುವುದಿಲ್ಲ. ಮೇಲಿನ ಎಡಮೂಲೆಯಿಂದ ಒಂದು ದಾರ ಇಳಿಬಿಟ್ಟು, ಮೂರು ಸೆಂಟಿಮೀಟರಿನ ಆಕಾಶಬುಟ್ಟಿಯೊಂದನ್ನು ತೂಗಿಸಬಹುದು. ಕರಾವಳಿಯವರು ಇದನ್ನೇ ಗೂಡುದೀಪ ಎನ್ನುತ್ತಾರೆ. ನಡುವೆ ಚೌಕ, ಎರಡೂ ಬದಿಗೆ ತ್ರಿಕೋನ, ಕೆಳಗೆ ಕಾಗದದ ಬಾಲಂಗೋಚಿ ಇಷ್ಟಿದ್ದರೆ ಸಾಕು.

ಹಣತೆಯನ್ನು ಎಡಗಡೆಯಲ್ಲಿ, ಮರಿಯಿಂದ ಕನಿಷ್ಠ ಮೂರು ಸೆಂಟಿಮೀಟರ್ ದೂರದಲ್ಲಿ ಇಡಿ. ಬಾಲ ಬಲಕ್ಕಿರುವುದರಿಂದ ದೀಪ ಎಡಕ್ಕಿರಬೇಕು. ಬಾಲ ಅಲ್ಲಾಡಿಸುವ ಮರಿಯ ಪಕ್ಕದಲ್ಲೇ ಉರಿಯುವ ದೀಪವಿಟ್ಟರೆ ನೋಡುವವರ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ. ಪಟಾಕಿಯನ್ನಂತೂ ಈ ಚಿತ್ರದಲ್ಲಿ ಎಲ್ಲಿಯೂ ಇಡಬೇಡಿ. ಒಂದು ವರ್ಷ ನಾನೇ ಸುರುಸುರು ಬತ್ತಿ ಹಿಡಿದು ನಗುವ ನಾಯಿಮರಿಯ ಚಿತ್ರ ಬಿಡಿಸಿ ಬಂಧುಗಳಿಗೆಲ್ಲ ಕಳುಹಿಸಿದ್ದೆ. ಅದೇ ಹಬ್ಬದ ರಾತ್ರಿ ನಮ್ಮ ಬೀದಿಯ ಮರಿಯೊಂದು ಮೆಟ್ಟಿಲ ಕೆಳಗೆ ಮೈಮುದುಡಿಕೊಂಡು, ಕಿವಿಗಳನ್ನು ಹಿಂದಕ್ಕೆ ಒತ್ತಿ, ಬಾಲವನ್ನು ಕಾಲಸಂದಿಗೆ ಸೇರಿಸಿ ನಡುಗುತ್ತ ಕೂತಿದ್ದನ್ನು ಕಂಡೆ. ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಧ್ವನಿ ಕೇಳಿಸಿದರೆ ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗೂ ಕೇಳಿಸುತ್ತದೆ. ನಮಗೆ ಕೇಳದಷ್ಟು ಮೆಲ್ಲನೆಯ ಸದ್ದೂ ಅದಕ್ಕೆ ತಿಳಿಯುತ್ತದೆ. ಅಂದಿನಿಂದ ನನ್ನ ಯಾವ ದೀಪಾವಳಿ ಚಿತ್ರದಲ್ಲೂ ನಾಯಿಯ ಬಳಿ ಪಟಾಕಿ ಇಲ್ಲ. ಸಿಹಿಯ ತಟ್ಟೆ ಇಡುವ ಆಸೆಯಿದ್ದರೂ ಚಾಕೊಲೇಟು, ಒಣದ್ರಾಕ್ಷಿ ಇರುವ ತಿಂಡಿ ಬೇಡ. ಅವೆರಡೂ ನಾಯಿಗೆ ವಿಷ, ಮತ್ತು ಮಕ್ಕಳು ಚಿತ್ರದಲ್ಲಿ ಕಂಡದ್ದನ್ನು ಮನೆಯಲ್ಲಿ ಮಾಡಿ ನೋಡುತ್ತಾರೆ.

ಶಾಯಿ ಮತ್ತು ಬಣ್ಣ

ಹೊರರೇಖೆಗೆ 0.8ರ ಪೆನ್ನು, ಕಣ್ಣು, ಮೂಗು, ಎಸಳುಗಳಂಥ ಒಳಗಿನ ಗೆರೆಗಳಿಗೆ 0.3ರ ಪೆನ್ನು. ಮರಿಯ ಹೊರರೇಖೆಗೆ ಕಪ್ಪಿನ ಬದಲು ಕಡುಕಂದು ಶಾಯಿ ಬಳಸಿದರೆ ಚಿತ್ರ ಮೃದುವಾಗುತ್ತದೆ. ಕಪ್ಪನ್ನು ಕಣ್ಣು, ಮೂಗಿಗೆ ಮಾತ್ರ ಮೀಸಲಿಡಿ. ಶಾಯಿ ತುಂಬುವಾಗ ಪ್ರತಿ ಕಣ್ಣಿನ ಮೇಲ್ಭಾಗದಲ್ಲಿ ಎಡಕ್ಕೆ ಒಂದು ದುಂಡು ಜಾಗವನ್ನು ಬಿಳಿಯಾಗಿ ಬಿಡಿ. ಎರಡೂ ಕಣ್ಣಿನಲ್ಲಿ ಈ ಬೆಳಕು ಒಂದೇ ಬದಿಗಿರಬೇಕು, ಇಲ್ಲದಿದ್ದರೆ ಮರಿಗೆ ಮೆಳ್ಳೆಗಣ್ಣು ಬಂದಂತಾಗುತ್ತದೆ. ರೋಮವನ್ನು ಸೂಚಿಸಲು ಕೆನ್ನೆಯ ಅಂಚಿನಲ್ಲಿ ಮೂರು ಸಣ್ಣ ಗೀಟು, ನೆತ್ತಿಯ ಮೇಲೆ ಎರಡು, ಅಷ್ಟೇ. ಶಾಯಿ ಪೂರ್ತಿ ಒಣಗುವ ತನಕ ರಬ್ಬರನ್ನು ಮುಟ್ಟದೆ ಹತ್ತು ನಿಮಿಷ ಕಾಯಿರಿ.

ಬಣ್ಣದಲ್ಲಿ ಎದುರಾಗುವ ನಿಜವಾದ ತೊಡಕು ಒಂದೇ. ಮರಿಯ ಮೈ ಹೊಂಬಣ್ಣ, ಮಾಲೆಯೂ ಹಳದಿ ಮತ್ತು ಕಿತ್ತಳೆ. ಎರಡೂ ಒಂದರೊಳಗೊಂದು ಕರಗಿ, ದೂರದಿಂದ ನೋಡಿದರೆ ಮಾಲೆಯೇ ಕಾಣಿಸದೆ ಹೋಗುತ್ತದೆ. ಬೀದಿಮರಿಯ ಎದೆಯ ಬಿಳಿ ಇಲ್ಲಿ ನೆರವಿಗೆ ಬರುತ್ತದೆ. ಗಲ್ಲದಿಂದ ಮುಂಗಾಲಿನವರೆಗೆ ಎದೆಯನ್ನು ಬಣ್ಣ ಹಾಕದೆ ಬಿಳಿಯಾಗಿಯೇ ಉಳಿಸಿದರೆ ಮಾಲೆ ಆ ಬಿಳಿಯ ಮೇಲೆ ಎದ್ದು ಕಾಣುತ್ತದೆ. ಉಳಿದ ಮೈಗೆ ಯೆಲ್ಲೋ ಓಕರ್ ಎಂಬ ಮಣ್ಣುಹಳದಿಯನ್ನು ಹಗುರವಾಗಿ ಎರಡು ಪದರ ಹಾಕಿ, ಕಿವಿಯ ಒಳಗೆ, ಗಲ್ಲದ ಕೆಳಗೆ, ತೊಡೆಯ ಮಡಿಕೆಯಲ್ಲಿ ಕಂದು ಸೇರಿಸಿ. ಮಾಲೆಯ ಕೆಳ ಅಂಚಿಗೆ ಹೊಂದಿಕೊಂಡಂತೆ ಎದೆಯ ಮೇಲೆ ತೆಳು ಬೂದಿ ನೆರಳನ್ನು ಎಳೆದರೆ ಮಾಲೆ ಎದೆಯಿಂದ ತುಸು ಮುಂದೆ ಬಂದಂತೆ ತೋರುತ್ತದೆ. ಹೂವುಗಳಲ್ಲಿ ಒಂದು ಹಳದಿ, ಒಂದು ಕಿತ್ತಳೆ ಎಂದು ಪರ್ಯಾಯವಾಗಿ ತುಂಬಿ, ಹಳದಿಯ ನಡುವಿಗೆ ಕಿತ್ತಳೆಯನ್ನೂ ಕಿತ್ತಳೆಯ ನಡುವಿಗೆ ಕೆಂಪನ್ನೂ ತೀಡಿ.

ಹಿನ್ನೆಲೆ ಅಮಾವಾಸ್ಯೆಯ ಇರುಳೇ ಆದರೂ ಕಪ್ಪು ಬಳಸಬೇಡಿ. ಕಿತ್ತಳೆಗೆ ಎದುರು ಬಣ್ಣ ನೀಲಿ. ಗಾಢ ನೀಲಿಗೆ ನೇರಳೆ ಬೆರೆಸಿ ತುಂಬಿದರೆ ಮಾಲೆಯೂ ದೀಪವೂ ಹೊಳೆಯುತ್ತವೆ. ಹಣತೆಯ ಜ್ವಾಲೆಯ ನಡುವನ್ನು ಬಿಳಿಯಾಗಿ ಬಿಟ್ಟು, ಸುತ್ತ ತಿಳಿಹಳದಿ, ಅದರಾಚೆ ಕಿತ್ತಳೆ, ಅದರಾಚೆ ನೇರಳೆ, ಕೊನೆಗೆ ನೀಲಿ ಎಂಬ ಕ್ರಮವನ್ನು ಪಾಲಿಸಿ. ಹಳದಿಯ ಪಕ್ಕಕ್ಕೇ ನೀಲಿ ಬಂದರೆ ಎರಡೂ ಬೆರೆತು ಹಸಿರಾಗಿ, ದೀಪದ ಸುತ್ತ ಪಾಚಿ ಕಟ್ಟಿದಂತೆ ಕಾಣುತ್ತದೆ. ದೀಪದ ಬೆಳಕು ಮರಿಯ ಮೇಲೂ ಬೀಳಬೇಕಲ್ಲವೇ? ಎಡಗೆನ್ನೆಯ ಅಂಚು, ಎಡ ಮುಂಗಾಲಿನ ಹೊರಬದಿ, ಎಡ ತೊಡೆಯ ಉಬ್ಬು, ಈ ಮೂರು ಕಡೆ ಮಾತ್ರ ಕಿತ್ತಳೆಯ ತೆಳು ಗೆರೆ ಸಾಕು. ಕೆಳಗಿನಿಂದ ಬರುವ ಬೆಳಕನ್ನು ಮುಖದ ತುಂಬ ಹರಡಿದರೆ ಹುಬ್ಬಿನ ಮೇಲೂ ಮೂಗಿನ ಮೇಲೂ ನೆರಳು ತಿರುಗಿ ಬಿದ್ದು ಮುದ್ದು ಮುಖ ಭಯ ಹುಟ್ಟಿಸುವಂತಾಗುತ್ತದೆ.

ಇದೇ ಮರಿಯನ್ನು ಕ್ರಿಸ್ಮಸ್ಸಿಗೆ ಬಿಡಿಸುವುದಾದರೆ ಮಾಲೆಯ ಜಾಗಕ್ಕೆ ಕೆಂಪು ಉಣ್ಣೆಯ ಶಾಲು, ಆಕಾಶಬುಟ್ಟಿಯ ಜಾಗಕ್ಕೆ ನಕ್ಷತ್ರದೀಪ ತನ್ನಿ; ಟೋಪಿ ಹಾಕುವಾಗ ನೆಟ್ಟಗಿರುವ ಕಿವಿ ಟೋಪಿಯ ಹೊರಗೇ ಉಳಿಯಲಿ, ಎರಡೂ ಕಿವಿಗಳನ್ನು ಮುಚ್ಚಿದ ನಾಯಿ ನಾಯಿಯಂತೆ ಕಾಣುವುದಿಲ್ಲ. ಸಂಕ್ರಾಂತಿಗಾದರೆ ಹಿಂದೆ ಎರಡು ಕಬ್ಬಿನ ಜಲ್ಲೆ ನಿಲ್ಲಿಸಬಹುದು. ಹಿನ್ನೆಲೆಯ ಬಣ್ಣ ಬದಲಾದೀತು, ತಲೆ ಮತ್ತು ಕಣ್ಣುಗಳ ಅಳತೆ ಬದಲಾಗದು.

ಪಾದಗಳ ಕೆಳಗೆ ಉಳಿದಿರುವ ನಾಲ್ಕು ಸೆಂಟಿಮೀಟರ್ ಜಾಗದಲ್ಲಿ ಶುಭಾಶಯದ ಮಾತನ್ನು ಬರೆಯಿರಿ. ಎಲ್ಲ ಮುಗಿದ ಮೇಲೆ ಬಿಳಿ ಜೆಲ್ ಪೆನ್ನಿನಿಂದ ಮೂಗಿನ ಮೇಲೊಂದು ಕಿರುಹೊಳಪು ಇಟ್ಟು, ಎರಡೂ ಕಣ್ಣುಗಳ ಕೆಳಭಾಗದಲ್ಲಿ, ಹಣತೆ ಇರುವ ಎಡಬದಿಗೆ, ಸಾಸಿವೆ ಕಾಳಿನಷ್ಟು ದೊಡ್ಡ ಒಂದೊಂದು ಬಿಳಿ ಚುಕ್ಕೆ ಇಡಿ. ಅದು ಒಣಗಿದ ಮೇಲೆ ಹಳದಿ ಪೆನ್ಸಿಲಿನ ತುದಿಯನ್ನು ಮೆಲ್ಲನೆ ತಾಗಿಸಿದರೆ, ಪಕ್ಕದಲ್ಲಿ ಉರಿಯುತ್ತಿರುವ ದೀಪ ಮರಿಯ ಕಣ್ಣಿನಲ್ಲಿಯೂ ಕಾಣಿಸುತ್ತದೆ.